ಬಾಗಿಲಿಗೆ ಗಾಳಿಮರದ ಬಳೆ

ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ, ಮೊಮ್ಮಕ್ಕಳೇ! ಟ್ರಾಮ್ ಓಡುತ್ತಿದ್ದ ಕಾಲದ ಮುಂಬಯಿಯ ಬೈಕುಲ್ಲಾ. ಸಾಲುಕೋಣೆಗಳ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯ ಹೆಂಗಸು, ನಾವೆಲ್ಲ 'ಮಂಗಳೂರು ಬಾಯಿ' ಎಂದು ಕರೆಯುತ್ತಿದ್ದವಳು, ಕ್ರಿಸ್ಮಸ್ ಬಂತೆಂದರೆ ಉದ್ಯಾನದ ಮಾಲಿ ಕತ್ತರಿಸಿ ಎಸೆದ ಗಾಳಿಮರದ ಸೊಪ್ಪನ್ನು ಸೆರಗಿನ ತುಂಬ ತರುತ್ತಿದ್ದಳು. ಬಾಗಿಲಿಗೆ ಕಟ್ಟಲು ಅದನ್ನು ತಂತಿಯ ಬಳೆಗೆ ಸುತ್ತುತ್ತ, "ಖರ್ಚೆಂತ ಇಲ್ಲ, ಕೈ ಉಂಟಲ್ಲ!" ಎನ್ನುತ್ತಿದ್ದಳು. ಆದರೆ ಹಡಗಿನ ಕೆಲಸದ ಗಂಡ ಹಬ್ಬಕ್ಕೆ ಬರುವಷ್ಟರಲ್ಲಿ ಅದು ಒಣಗಿರುತ್ತಿತ್ತು. "ಬಾಗಿಲಿಗೆ ಪೊರಕೆ ಯಾಕೆ ಕಟ್ಟಿದ್ದಿ?" ಎಂದು ಅವನು ಪ್ರತಿವರ್ಷ ಕೆಣಕುತ್ತಿದ್ದ.

ಒಂದು ವರ್ಷ ಬಾಯಿ ಅದನ್ನು ಹಸಿರಾಗಿಯೇ ಉಳಿಸಬೇಕೆಂದು ಹಠ ತೊಟ್ಟಳು. ತನ್ನ ಒಲೆಯ ಬಿಸಿ ತಾಗದಿರಲೆಂದು ಬಳೆಯನ್ನು ನಮ್ಮ ಖೋಲಿಯಲ್ಲಿಟ್ಟು ಹೋದಳು. ಧಾರವಾಡದಿಂದ ಬಂದಿದ್ದ ನಮ್ಮತ್ತೆ ಅದನ್ನು ಕಂಡು, "ಕೊಡ ಇಡಲಿಕ್ಕೆ ಎಷ್ಟ ಛಂದ ಸಿಂಬಿ ಕೊಟ್ಟಾಳ!" ಎಂದು ನೀರಿನ ಮಣ್ಣಿನ ಕೊಡವನ್ನು ಅದರ ಮೇಲೆ ಕೂರಿಸಿಬಿಟ್ಟರು.

ಹಬ್ಬದ ಹಿಂದಿನ ಸಂಜೆ ಬಾಯಿ ಬಂದವಳೇ, "ಅಯ್ಯೋ ಅಮ್ಮಾ, ಎಂತ ಮಾಡಿದ್ರಿ!" ಎಂದು ತಲೆಯ ಮೇಲೆ ಕೈಹೊತ್ತಳು. ಕೊಡ ಎತ್ತಿದರೆ, ಸೊಪ್ಪು ಚಪ್ಪಟೆಯಾಗಿದ್ದರೂ ಜಿನುಗಿದ ನೀರಿಗೆ ಹಸಿರಾಗಿ ನಗುತ್ತಿತ್ತು! "ಕೈ ಉಂಟಲ್ಲ!" ಎನ್ನುತ್ತ ಅದನ್ನು ಕೊಡವಿ, ಉಬ್ಬಿಸಿ ಬಾಗಿಲಿಗೆ ಕಟ್ಟಿದಳು.

ಗಂಡ ಬಂದು ಮುಟ್ಟಿ ನೋಡಿ, "ಇದು ಯಾವ ಅಂಗಡಿದ್ದು ಮಾರಾಯ್ತಿ?" ಎಂದ. ಅವಳ ಮುಖ ಅರಳುವ ಮೊದಲೇ ನಮ್ಮತ್ತೆ ಕೂಗಿದರು: "ಅಂಗಡೀದಲ್ಲೋ ತಮ್ಮಾ, ನನ್ನ ಸಿಂಬಿ ಅದು! ಹಬ್ಬ ಮುಗಿದ ಮ್ಯಾಲೆ ವಾಪಸ್ ಕೊಡ್ರಿ!"