ಗೋಡೆಗೆ ಮುಖ ಮಾಡಿದ ಪರದೆ

ಯಂತ್ರ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ನನಗೆ ನನ್ನದೇ ಮೈ ಬೇಕು. ಅಲ್ಟ್ರಾಸೌಂಡ್ ಯಂತ್ರವನ್ನು ಬಿಚ್ಚಿ, ಸುಟ್ಟ ಭಾಗ ಬದಲಿಸಿ, ಮತ್ತೆ ಮುಚ್ಚಿದ ಮೇಲೆ ಅಂಗಿ ಎತ್ತಿ ತಣ್ಣನೆಯ ಜೆಲ್ಲಿ ಹಚ್ಚಿಕೊಂಡು ನನ್ನ ಪಿತ್ತಕೋಶ, ಮೂತ್ರಪಿಂಡ ಎಲ್ಲ ನೋಡಿಕೊಳ್ಳುತ್ತೇನೆ. ಕೊನೆಗೆ ಕತ್ತಿನ ರಕ್ತನಾಳ. ಅಲ್ಲಿ ನಾಡಿ ಬಡಿಯುವುದು ಕಂಡು, ಅದರ ಸದ್ದೂ ಕೇಳಿದರೆ ಕೆಲಸ ಮುಗಿದ ಹಾಗೆ. ಯಾದಗಿರಿ, ಶಹಾಪುರ, ಸುರಪುರದ ದವಾಖಾನೆಗಳಲ್ಲಿ ನನ್ನ ಒಳಗನ್ನು ನಾನು ನೋಡಿಕೊಂಡಷ್ಟು ಯಾವ ವೈದ್ಯರೂ ತಮ್ಮದನ್ನು ನೋಡಿಕೊಂಡಿರಲಿಕ್ಕಿಲ್ಲ.

ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್. ಅದೇನೆಂದು ಊರಲ್ಲಿ ತಿಳಿಸಿ ಹೇಳುವುದು ನನ್ನಿಂದ ಕೊನೆಗೂ ಆಗಲಿಲ್ಲ. ವನದುರ್ಗದ ನಮ್ಮ ಓಣಿಯಲ್ಲಿ ಕೆಲವರು ನನ್ನನ್ನು ಡಾಕ್ಟರ್ ಎಂದು ಕರೆದರೆ ಇನ್ನು ಕೆಲವರು ಮನೆಯ ಕೆಟ್ಟ ಟಿವಿ ತಂದು ಮುಂದಿಡುತ್ತಿದ್ದರು. ಎರಡಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಟಿವಿ ಮಾತ್ರ ರಿಪೇರಿ ಮಾಡಿಕೊಡುತ್ತಿದ್ದೆ.

ನಮ್ಮ ಕಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ಹೊಲಗಳು ನೆಲ್ಲಿನ ಗದ್ದೆಗಳಾದವು. ಗದ್ದೆಗಳ ಹಿಂದೆ ಖಾಸಗಿ ದವಾಖಾನೆಗಳು ಬಂದವು, ದವಾಖಾನೆಗಳ ಹಿಂದೆ ಯಂತ್ರಗಳು, ಯಂತ್ರಗಳ ಹಿಂದೆ ನಾನು. ನೀರು ಬಿಟ್ಟ ದಿನಗಳಲ್ಲಿ ಕಾಲುವೆಯುದ್ದಕ್ಕೂ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡಿ ಕರೆಂಟು ಸೊರಗುತ್ತಿತ್ತು. ಪರದೆಯ ಚಿತ್ರ ನಡುಗುತ್ತಿತ್ತು. ಗದ್ದೆಯ ಇಲಿಗಳು ಒಳಗೆ ನುಗ್ಗಿ ವೈರು ಕಡಿಯುತ್ತಿದ್ದವು. ಅರ್ಥಿಂಗ್ ಸರಿಯಾಗಿ ಹಾಕಿಸಿ ಎಂದು ನಾನು ಜಗಳವಾಡದ ದವಾಖಾನೆ ಈ ಮೂರು ತಾಲೂಕುಗಳಲ್ಲಿ ಇಲ್ಲ.

ಶಹಾಪುರದ ಒಂದು ಹೆರಿಗೆ ದವಾಖಾನೆಯ ಡಾಕ್ಟರ್ ಮೇಡಂ ಮಾತ್ರ ನಾನು ಹೇಳುವ ಮೊದಲೇ ಎಲ್ಲ ಮಾಡಿಸಿರುತ್ತಿದ್ದರು. ಅವರ ಕಷ್ಟ ಬೇರೆಯಿತ್ತು. ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ ಎಂಬ ಫಲಕ ಗೋಡೆಯ ಮೇಲಿದ್ದರೂ ಬಸುರಿಯ ಜೊತೆ ಬಂದವರು ಪರದೆಯ ಕಡೆ ಕತ್ತು ಚಾಚುವುದನ್ನು ಬಿಡುತ್ತಿರಲಿಲ್ಲ. ಒಬ್ಬ ಹಿರಿಯನಂತೂ ಸ್ಟೂಲು ಹತ್ತಿಯೇ ಇಣುಕಿದ್ದನಂತೆ. ಅವನಿಗೆ ಕಂಡದ್ದು ಮಳೆಗಾಲದ ಮೋಡದಂಥದ್ದು ಏನೋ ಇರಬೇಕು, ಆದರೂ ಮನೆಗೆ ಹೋಗಿ ಏನು ಹೇಳುತ್ತಾನೋ ಎಂಬ ಭಯ ಮೇಡಂಗೆ.

“ಯಾರಿಗೂ ಏನೂ ಕಾಣಬಾರದು, ಹಂಗ ಮಾಡಿಕೊಡ್ರಿ,” ಎಂದರು.

ನಾನು ಒಂದು ಉಕ್ಕಿನ ತೋಳು ಮಾಡಿಸಿ, ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ ಬೋಲ್ಟು ಬಿಗಿದೆ. ಗೋಡೆಗೆ ಒರಗಿ ಕೂತ ಮೇಡಂಗೆ ಮಾತ್ರ ಚಿತ್ರ. ಮಂಚದ ಮೇಲೆ ಮಲಗಿದ ಹೆಂಗಸಿಗೆ ಕಾಣುತ್ತಿದ್ದುದು ಪರದೆಯ ಬೆನ್ನು ಮತ್ತು ನಾನು ನೀಟಾಗಿ ಕಟ್ಟಿದ ವೈರುಗಳು. ಒಳ್ಳೆಯ ಕೆಲಸವಾಗಿತ್ತು. ಆಮೇಲೆ ಬೇರೆ ದವಾಖಾನೆಯವರೂ ನೋಡಿ ಹಾಗೆಯೇ ಮಾಡಿಸಿಕೊಂಡರು.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ರಂಗಂಪೇಟೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಶಾಲೆಯೊಂದರಲ್ಲಿ ಗುಮಾಸ್ತ, ಒಳ್ಳೆಯ ಮನುಷ್ಯ, ತಾಯಿಯ ಎದುರು ಮಾತಾಡುವವನಲ್ಲ. ಅಕ್ಕನ ಮೊದಲ ಕೂಸು ಮನೆಯಲ್ಲೇ ಹುಟ್ಟಿತು, ಜೀವವಿಲ್ಲದೆ. ನಮ್ಮ ಕಡೆ ಹಾಗೆ ಹುಟ್ಟಿದ ಕೂಸಿನ ಮುಖವನ್ನು ತಾಯಿಗೆ ತೋರಿಸುವುದಿಲ್ಲ. ತೋರಿಸಿದರೆ ದುಃಖ ಅಂಟಿಕೊಳ್ಳುತ್ತದೆ, ಮುಂದಿನದೂ ಉಳಿಯುವುದಿಲ್ಲ ಎನ್ನುತ್ತಾರೆ. ಬಟ್ಟೆಯಲ್ಲಿ ಸುತ್ತಿ ಗಂಡಸರ ಕೈಗೆ ಕೊಡುತ್ತಾರೆ, ಅವರು ಹೊಲದ ಅಂಚಿಗೆ ಒಯ್ದು ಹೂಳುತ್ತಾರೆ. ಇದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ಇದ್ದದ್ದು ಕಾಳಜಿಯೇ. ಆದರೆ ಗಂಡೋ ಹೆಣ್ಣೋ ಎಂಬುದನ್ನೂ ಯಾರೂ ಅಕ್ಕನಿಗೆ ಹೇಳಲಿಲ್ಲ. ಅವಳು ಕೇಳಿದಾಗಲೆಲ್ಲ ಮಾತು ತೇಲಿಸಿದರು.

“ನೀ ಊರವರ ಹೊಟ್ಟಿ ಒಳಗಿಂದೆಲ್ಲಾ ನೋಡ್ತಿ, ತಮ್ಮಾ,” ಎಂದಿದ್ದಳು ಒಮ್ಮೆ, ರೊಟ್ಟಿ ಬಡಿಯುತ್ತ. “ನನ್ನ ಕೂಸಿನ ಮಾರಿ ಹೆಂಗಿತ್ತು ಅಂತ ನನಗೇ ಗೊತ್ತಿಲ್ಲ. ಕನಸಿನ್ಯಾಗ ಬರ್ತದ. ಮಾರಿ ಇರೂದಿಲ್ಲ.”

ನಾನು ತಟ್ಟೆ ನೋಡುತ್ತ ಊಟ ಮಾಡಿದೆ.

ಬಹಳ ವರ್ಷಗಳ ನಂತರ ಅವಳು ಮತ್ತೆ ಬಸುರಿಯಾದಳು. ಈ ಸಲ ಮನೆಯವರು ಜೋಪಾನ ಮಾಡಿದರು, ಶಹಾಪುರದ ಆ ಮೇಡಂ ಹತ್ತಿರವೇ ತೋರಿಸಿದರು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನಾನು ಯಾದಗಿರಿಯಲ್ಲಿ ಒಂದು ಯಂತ್ರ ಬಿಚ್ಚಿಕೊಂಡು ಕೂತಿದ್ದಾಗ ಅವಳ ಫೋನು ಬಂತು.

“ನಿನ್ನಿಯಿಂದ ಕೂಸು ಮಿಸುಕವಲ್ದು. ಶಹಾಪುರಕ್ಕ ಹೊಂಟೀವಿ. ನೀನೂ ಬಾ.”

ಬಿಚ್ಚಿದ್ದನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಿದೆ. ಕಾಲುವೆಗೆ ನೀರು ಬಿಟ್ಟಿದ್ದರು. ದಾರಿಯುದ್ದಕ್ಕೂ ಹೆಂಗಸರು ಸಾಲಾಗಿ ಬಾಗಿ ನಾಟಿ ಹಚ್ಚುತ್ತಿದ್ದರು. ಕರೆಂಟು ಸೊರಗಿರುತ್ತದೆ, ಚಿತ್ರ ಸರಿ ಬರುವುದಿಲ್ಲ, ಮೇಡಂಗೆ ಕೆಟ್ಟದ್ದೇನಾದರೂ ಕಂಡರೆ ಅದು ತಪ್ಪೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಹೋದೆ.

ದವಾಖಾನೆಯಲ್ಲಿ ಮೇಡಂ ಆಗಲೇ ಒಮ್ಮೆ ನೋಡಿ ಮುಗಿಸಿದ್ದರು. ಅಕ್ಕ ಮಂಚದ ಮೇಲಿದ್ದಳು, ಅವಳ ಅತ್ತೆ ತಲೆಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡು ಮೇಡಂ, “ಬರ್ರಿ, ಯಂತ್ರ ಬರೋಬರಿ ಅದ ಏನು ಒಮ್ಮಿ ನೋಡ್ರಿ,” ಎಂದರು. ಅವರ ದನಿ ಯಾವತ್ತಿನಂತೆ ಇರಲಿಲ್ಲ. ಸ್ವಲ್ಪ ದಿನದ ಹಿಂದೆಯಷ್ಟೇ ಅದನ್ನು ಪೂರಾ ತಪಾಸಣೆ ಮಾಡಿದವನು ನಾನೇ. ಅವರಿಗೂ ಅದು ಗೊತ್ತಿತ್ತು.

ಗೋಡೆಯ ಕಡೆ ಹೋಗಿ ಸ್ಟೂಲಿನ ಮೇಲೆ ಕೂತು ಕತ್ತಿಗೆ ಜೆಲ್ಲಿ ಹಚ್ಚಿಕೊಂಡೆ. ಎಷ್ಟೋ ಸಲ ಮಾಡಿದ ಕೆಲಸ. ಯಂತ್ರ ಕೆಟ್ಟಿರಲಿ ಎಂದು ಬೇಡಿಕೊಂಡೆ. ಈ ಕಸುಬಿಗೆ ಬಂದ ಮೇಲೆ ಹಾಗೆ ಬೇಡಿಕೊಂಡದ್ದು ಅದೊಂದೇ ಸಲ. ಪರದೆಯ ಮೇಲೆ ನನ್ನ ರಕ್ತನಾಳ ಕಂಡಿತು, ಸ್ವಚ್ಛವಾಗಿ, ಅಂಚು ಅಂಚೂ ತಿಳಿಯುವಂತೆ. ಗುಂಡಿ ಒತ್ತಿದೆ. ನನ್ನ ನಾಡಿ ಕೋಣೆಯ ತುಂಬ ಬಡಿಯಿತು.

ಆ ಸದ್ದನ್ನು ಕೂಡಲೇ ನಿಲ್ಲಿಸಿದೆ. ಅಷ್ಟರಲ್ಲಿ ಅಕ್ಕ ಕೇಳಿಸಿಕೊಂಡಿದ್ದಳು.

“ಅದು ನಿಂದೇನು?”

“ಹೂಂ, ಅಕ್ಕ.”

“ಅಂದ್ರ ಮಷೀನ್ ಚಲೋ ಅದ.”

ಮೇಡಂ ಅವಳ ಕೈ ಹಿಡಿದು ಹೇಳಬೇಕಾದ್ದನ್ನು ಹೇಳಿದರು: ಕೂಸಿನ ಎದೆಬಡಿತ ನಿಂತಿದೆ, ಔಷಧಿ ಕೊಟ್ಟು ಹೆರಿಗೆ ಮಾಡಿಸಬೇಕು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕ ಅಳಲಿಲ್ಲ. ತುಸು ಹೊತ್ತು ಪರದೆಯ ಬೆನ್ನನ್ನೇ ನೋಡಿದಳು.

“ತಮ್ಮಾ, ಅದನ್ನ ಈ ಕಡಿ ತಿರುಗಸು.”

“ಬ್ಯಾಡವ್ವಾ,” ಎಂದರು ಅತ್ತೆ. “ಜೀವ ಇಲ್ಲದ್ದರ ಮಾರಿ ತಾಯಿ ನೋಡಬಾರದು.”

“ಹೊಟ್ಟ್ಯಾಗ ಇರೂತನ ಅದು ನಂದು, ಅತ್ತಿ. ಹೊರಗ ಬಂದ ಮ್ಯಾಲ ನೀವು ಒಯ್ತೀರಿ, ನನಗ ಗೊತ್ತದ. ಈಗರೆ ನೋಡ್ತೀನಿ.”

ನಾನು ಮೇಡಂ ಮುಖ ನೋಡಿದೆ. ಪರದೆ ಅವರದು, ಕಾನೂನಿನ ಹೊಣೆಯೂ ಅವರದು. ಅವರು ಒಂದು ಕ್ಷಣ ಯೋಚಿಸಿ, “ಮಾರಿ ಅಷ್ಟ ತೋರಸ್ತೀನಿ,” ಎಂದರು. “ತಿರುಗಸ್ರಿ.”

ಚೀಲದಿಂದ ಪಾನಾ ತೆಗೆದು ಬೋಲ್ಟು ಸಡಿಲಿಸಿದೆ. ಬಿಗಿದವನು ನಾನೇ, ಅದು ಬೇಗ ಬಿಡಲಿಲ್ಲ. ಉಕ್ಕಿನ ತೋಳನ್ನು ಎಳೆದು ಪರದೆಯನ್ನು ಅಕ್ಕನ ಕಡೆ ತಿರುಗಿಸಿ ಹಾಗೆಯೇ ಕೈಯಲ್ಲಿ ಹಿಡಿದು ನಿಂತೆ. ಮೇಡಂ ಪರದೆ ಕಾಣುವಂತೆ ಅಕ್ಕನ ಪಕ್ಕಕ್ಕೆ ಬಂದು ಅವಳ ಹೊಟ್ಟೆಯ ಮೇಲೆ ನಿಧಾನವಾಗಿ ಹುಡುಕಿದರು. ಬೂದಿ ಬಣ್ಣದ ನಡುವೆ ಒಂದು ಪಕ್ಕದ ಮುಖ ಮೂಡಿತು.

“ಇದು ಹಣಿ ಏನು?” ಅಕ್ಕ ಕೇಳಿದಳು.

ಚಿತ್ರದಲ್ಲಿ ಏನಿದೆ ಎಂದು ಹೇಳುವುದು ನನ್ನ ಕೆಲಸವಲ್ಲ. ಅದು ವೈದ್ಯರದ್ದು, ಅಷ್ಟು ವರ್ಷ ನಾನು ಆ ಗೆರೆ ದಾಟಿರಲಿಲ್ಲ. ಆವತ್ತು ಮೇಡಂ ಸುಮ್ಮನಿದ್ದರು, ನಾನು ಹೇಳಿದೆ. ಇದು ಹಣೆ. ಇದು ಮೂಗು. ಇದು ತುಟಿ. ಇದು ಕೈ, ಗದ್ದದ ಹತ್ತಿರ ಮಡಚಿಕೊಂಡಿದೆ. ಅಕ್ಕ ಬೆರಳು ಚಾಚಿ ಪರದೆಯ ಮೇಲೆ ಮೂಗಿನ ಹತ್ತಿರ ಇಟ್ಟಳು.

“ಮೂಗು ಅವ್ವಂದು,” ಎಂದಳು. ಆಮೇಲೆ ಅತ್ತಳು.

ಹೊರಗೆ ಬೇರೆ ಬಸುರಿಯರು ಕಾಯುತ್ತಿದ್ದರು. ಮೇಡಂ ಕೈ ತೆಗೆಯಲಿಲ್ಲ. ಅತ್ತೆ ಬಾಗಿಲವರೆಗೆ ಹೋಗಿದ್ದವರು ತಿರುಗಿ ಬಂದು, ಸೊಸೆಯ ಹಿಂದೆ ನಿಂತು ತಾವೂ ನೋಡಿದರು. ನನ್ನ ಎರಡೂ ತೋಳು ಸೋತುಹೋಗಿದ್ದವು, ಆದರೂ ಅಕ್ಕ ಸಾಕು ಎನ್ನುವವರೆಗೆ ಪರದೆ ಅಲುಗದಂತೆ ಹಿಡಿದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಕೂಸು. ನರ್ಸು ಅದನ್ನು ಒರೆಸಿ, ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚುವಂತೆ ಸುತ್ತಿ ತಂದಳು. ಅಕ್ಕನ ಗಂಡ ಅಂಗಳದಲ್ಲಿ ಜೀಪಿನ ಹತ್ತಿರ ತನ್ನ ಮನೆಯ ಹಿರಿಯರ ಜೊತೆ ನಿಂತಿದ್ದ, ಒಳಗೆ ಬರುವ ಧೈರ್ಯ ಅವನಿಗಿರಲಿಲ್ಲ. ಸೋದರಮಾವ ನಾನು, ನರ್ಸು ನನ್ನ ಕೈಗೆ ಕೊಟ್ಟಳು. ನನ್ನ ಕೈಯಲ್ಲಿ ಅಷ್ಟು ಹಗುರವಾದದ್ದನ್ನು ಅಷ್ಟು ಭಾರವಾಗಿ ನಾನು ಮತ್ತೆಂದೂ ಹಿಡಿದಿಲ್ಲ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು. ತನಗೆ ಸಿಕ್ಕಿದ್ದು ಸಿಕ್ಕಿತು ಎಂದುಕೊಂಡಿದ್ದಳೋ ಏನೋ, ಏನನ್ನೂ ಕೇಳಲಿಲ್ಲ.

ನಾನು ಬಾಗಿಲು ದಾಟುವಾಗ ಅಲ್ಲಿ ಬೆಂಚಿನ ಮೇಲೆ ಕೂತಿದ್ದ ಅತ್ತೆ ಎದ್ದು ಅಡ್ಡ ಬಂದರು.

“ಇತ್ತ ಕೊಡು, ಯಪ್ಪಾ.”

ಹಿರಿಯರ ಕೈಗೆ ತಾವೇ ಕೊಡುತ್ತಾರೆ ಎಂದುಕೊಂಡು ಕೊಟ್ಟೆ. ಅವರು ಹೊರಗೆ ಹೋಗಲಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಕೂತು, ಸೊಸೆಯ ಭುಜ ಮುಟ್ಟಿ ತಿರುಗಿಸಿ, ಮುಖದ ಮೇಲಿನ ಬಟ್ಟೆ ಸರಿಸಿದರು.

“ನಿನ್ನಿ ಬರೇ ನೆಳ್ಳು ನೋಡಿದಿ,” ಎಂದರು. “ಖರೇ ಮಾರಿ ನೋಡು. ಹೆಣ್ಣು ಕೂಸವ್ವಾ.”

ಅಕ್ಕ ಎದ್ದು ಕೂತು ಎರಡೂ ಕೈ ಚಾಚಿದಳು. ಅತ್ತೆ ಅವಳ ಮಡಿಲಲ್ಲಿಟ್ಟು, ಕೂಸಿನ ತಲೆಗೆ ಒಂದು ಕೈ ಆಸರೆ ಕೊಟ್ಟು ಪಕ್ಕದಲ್ಲೇ ಕೂತರು.

“ನನ್ನವೂ ಎರಡು ಹಿಂಗೇ ಹೋದವು,” ಎಂದರು, ಯಾರ ಮುಖವನ್ನೂ ನೋಡದೆ. “ನನಗ ಯಾರೂ ತೋರಸಲಿಲ್ಲ.”

ಅಂಗಳದಿಂದ ಒಬ್ಬ ಹಿರಿಯರು, ಹೊತ್ತು ಮುಳುಗುವುದರೊಳಗೆ ಮುಗಿಸಬೇಕು, ಜಲ್ದಿ ತರ್ರಿ ಎಂದು ಕರೆದರು. ಹೆಜ್ಜೆ ಸದ್ದು ಬಾಗಿಲ ಕಡೆಗೇ ಬಂತು. ನಾನು ಹೊರಗೆ ಹೋಗಿ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು, ಅದಕ್ಕೆ ಬೆನ್ನು ಕೊಟ್ಟು ನಿಂತೆ.

“ಜರಾ ತಡೀರಿ,” ಎಂದೆ. “ಇನ್ನೂ ನೋಡಾಕತ್ತಾರ.”