ಕುಸುಬಿ ಎಣ್ಣೆಯ ಬಟ್ಟಲು

ರಂಗಪಂಚಮಿಯ ಬೆಳಿಗ್ಗೆ ನೀವು ಮೊಮ್ಮಕ್ಕಳು ಸಾಲಾಗಿ ನನ್ನ ಮುಂದೆ ಕೂರುತ್ತೀರಿ. ಬಣ್ಣ ಮೈಗೆ ಹಿಡಿಯದಿರಲೆಂದು ನಿಮ್ಮ ಕೆನ್ನೆಗೆ, ತೋಳಿಗೆ ಕುಸುಬಿ ಎಣ್ಣೆ ಸವರುತ್ತೇನೆ. ಆಗ ನನ್ನ ಕೈ ನಡುವೆಯೇ ನಿಂತುಬಿಡುತ್ತದೆ. ನೀವು ಮರಾಠಿಯಲ್ಲಿ ಏನೋ ಅಂದುಕೊಂಡು ನಗುತ್ತೀರಿ. ಅಜ್ಜಿಗೆ ವಯಸ್ಸಾಯಿತೆಂದು ನಿಮ್ಮ ಅವ್ವ ಗದರುತ್ತಾಳೆ. ಅದು ನಿಲ್ಲುವುದು ವಯಸ್ಸಿನಿಂದಲ್ಲ.

ಮಿರಜಿನ ಆಚೆಗಿನ ನಮ್ಮ ದ್ರಾಕ್ಷಿ ತೋಟ ನಿಮಗೆ ಗೊತ್ತು. ಬಳ್ಳಿಗೆ ಹೊಡೆಯುವುದು ವಿಷವಾದರೂ ನಾವೆಲ್ಲ ಔಷಧ ಎಂದೇ ಅನ್ನುತ್ತೇವೆ. ನಿಮ್ಮ ಅಜ್ಜ ಪಂಪು ಬೆನ್ನಿಗೇರಿಸುವ ಮೊದಲು ನಾನು ಅವರ ಕುತ್ತಿಗೆಗೆ, ಕೈಗೆ ಎಣ್ಣೆ ತಿಕ್ಕುತ್ತಿದ್ದೆ. ರಂಗಪಂಚಮಿಯ ಬಣ್ಣ ಜಾರಿದಂತೆ ಔಷಧವೂ ಜಾರಿ ಹೋಗುತ್ತದೆ ಎಂದು ನನ್ನ ಅತ್ತೆ ಕಲಿಸಿದ್ದರು. ನಾನೂ ಹಚ್ಚಿಕೊಂಡೇ ಬಳ್ಳಿಯ ಕೆಳಗೆ ಹೋಗುತ್ತಿದ್ದೆ. ನನ್ನ ಬಸುರುಗಳಲ್ಲಿ ನಿಂತದ್ದು ನಿಮ್ಮ ಅಪ್ಪ ಒಬ್ಬನೇ. ಆಗ ಅದನ್ನೂ ಔಷಧವನ್ನೂ ಸೇರಿಸಿ ನೋಡಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ನಿಮ್ಮ ಅವ್ವ ಈ ಮನೆಗೆ ಸೊಸೆಯಾಗಿ ಬಂದಳು. ಗಡಿಯಾಚೆ ಕರ್ನಾಟಕದಲ್ಲಿ ಕನ್ನಡ ಶಾಲೆಯಲ್ಲಿ ಓದಿದವಳು. ಮೊದಲ ಸಲ ಬಸುರಾದಾಗ ಗೊಂಚಲು ಬಿಡಿಸುವ ಕಾಲ. ಉಳಿದವು ದಪ್ಪವಾಗಲೆಂದು ಕೈ ಮೇಲೆತ್ತಿ ಒತ್ತಾದ ಕಾಯಿಗಳನ್ನು ಕತ್ತರಿಸುತ್ತಿದ್ದರೆ ಎಲೆಯ ಮೇಲಿನ ಔಷಧ ತೋಳಿಗುಂಟ ಇಳಿಯುತ್ತದೆ. ದಿನಾ ಬೆಳಿಗ್ಗೆ ನಾನು ಅವಳ ತೋಳಿಗೆ, ಎದೆಗೆ, ಹೊಟ್ಟೆಗೆ ಎಣ್ಣೆ ಹಚ್ಚಿದೆ.

"ಅತ್ತೀ, ನಾ ಏನ್ ಉಪ್ಪಿನಕಾಯೇನ್ರಿ? ಇಷ್ಟ್ ಎಣ್ಣಿ ಸುರೀತೀರಿ!" ಎಂದು ನಗುತ್ತಿದ್ದಳು.

"ಸುಮ್ನ ಕುಂದ್ರ. ಕೂಸಿಗೆ ಔಷಧ ತಾಕಬಾರ್ದು."

ಮೂರನೆಯ ತಿಂಗಳಲ್ಲಿ ಅದು ಹೋಯಿತು. ಎಣ್ಣೆ ಸಾಲಲಿಲ್ಲವೆಂದುಕೊಂಡೆ. ಎರಡನೆಯ ಸಲ ಮಧ್ಯಾಹ್ನದ ಊಟಕ್ಕೆ ಬಂದಾಗಲೂ ಹಚ್ಚಿ ಕಳಿಸಿದೆ. ಅದೂ ಹೋಯಿತು.

ಮಿರಜಿನ ದವಾಖಾನೆಯಲ್ಲಿ ನಿಮ್ಮ ಅಪ್ಪ, ಅವ್ವ ಡಾಕ್ಟರ ಕೋಣೆಯೊಳಗಿದ್ದರು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಕನ್ನಡ ಬಲ್ಲ ನರ್ಸಬಾಯಿಯೊಬ್ಬಳು ಮನೆ, ಕೆಲಸ ವಿಚಾರಿಸಿದಳು. ಸೊಸೆಯನ್ನು ಎಷ್ಟು ಜತನ ಮಾಡಿದೆ ಎಂದು ಎಣ್ಣೆಯ ಸಂಗತಿ ಹೇಳಿದೆ. ಅವಳ ಮುಖ ಬದಲಾಯಿತು.

"ಎಣ್ಣಿ ಅಡ್ಡ ನಿಂದ್ರಂಗಿಲ್ಲರಿ ಆಯಿ. ಕೆಲವು ಔಷಧ ಎಣ್ಣ್ಯಾಗ ಕರಗಿ ಚರ್ಮದಾಗ ಇನ್ನೂ ಜಾಸ್ತಿ ಇಳೀತಾವು. ಬಸುರಿ ಹೆಂಗಸು ತ್ವಾಟಕ್ಕ ಹೋಗೂದ ಬ್ಯಾಡರಿ."

"ಹಂಗಂದ್ರ ಆ ಎರಡೂ ನನ್ನ ಕೈಲಿಂದ ಹೋದವೇನವಾ?"

"ಅದನ್ನ ಯಾರಿಗೂ ಹೇಳಾಕ ಬರಂಗಿಲ್ಲರಿ. ಕಾರಣ ಎಷ್ಟೋ ಇರ್ತಾವು."

ಹೌದು ಎಂದಿದ್ದರೆ ಒಮ್ಮೆ ಅತ್ತು ಹಗುರಾಗುತ್ತಿದ್ದೆನೇನೋ. ಅಷ್ಟರಲ್ಲಿ ಅವರಿಬ್ಬರು ಹೊರಗೆ ಬಂದರು. ಎಣ್ಣೆಯ ಮಾತು ಎತ್ತದೆ ನಾನು ಅವರ ಹಿಂದೆ ನಡೆದೆ.

ಮೂರನೆಯ ಸಲ ನಿಮ್ಮ ಅವ್ವ ತಾನೇ ಬಟ್ಟಲು ಹಿಡಿದು ಬಂದು ಕುಳಿತಳು. "ಹಚ್ರಿ ಅತ್ತಿ."

"ಬ್ಯಾಡ. ನೀ ತ್ವಾಟಕ್ಕೂ ಬರಬ್ಯಾಡ."

"ಯಾಕ್ರಿ? ಇದೂ ನಿಲ್ಲಂಗಿಲ್ಲ ಅಂತ ಕೈ ಬಿಟ್ರೇನ್ರಿ?"

ಬಟ್ಟಲು ಕಸಿದುಕೊಂಡು ಒಳಗೆ ಹೋದೆ. ಆ ಕೂಸೇ ನಿಮ್ಮಲ್ಲಿ ಹಿರಿಯದು. ಬಾಣಂತಿ ಕೋಣೆಯಲ್ಲಿ ಅದನ್ನು ನನ್ನ ತೊಡೆಯ ಮೇಲೆ ಮಲಗಿಸುತ್ತ ಅವಳು, "ನೋಡ್ರಿ, ನೀವು ಕೈ ಬಿಟ್ಟ ಕೂಸು," ಎಂದಳು. ನಕ್ಕೇ ಅಂದಳು. ಈಗಲೂ ಅವಳು ಹಾಗೇ ತಿಳಿದಿದ್ದಾಳೆ.

ನಿಮ್ಮ ಕೆನ್ನೆ ಸವರುವಾಗ ನನ್ನ ಅಂಗೈಗೆ ಆ ಹೊಟ್ಟೆಯ ಬಿಸುಪು ಹತ್ತುತ್ತದೆ. ನೀವು ಬಣ್ಣ ಹಿಡಿದು ಓಡಿದ ಮೇಲೂ ಸಾಲಿನ ಕೊನೆಯಲ್ಲಿ ಇನ್ನಿಬ್ಬರು ಕೂತೇ ಇರುತ್ತಾರೆ. ಬಟ್ಟಲಿನ ತಳದಲ್ಲಿ ಎಣ್ಣೆ ಉಳಿದಿರುತ್ತದೆ. ಅವರಿಗೆ ಹಚ್ಚಲು ಧೈರ್ಯವಾಗದೆ ನಾನು ಎದ್ದು ಸಾಬೂನಿನಿಂದ ಕೈ ತೊಳೆಯುತ್ತೇನೆ.

ನಿಮ್ಮ ಅವ್ವನ ಎದುರು ಇದನ್ನು ಹೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತ ನಿಮಗೂ ನಿಮ್ಮ ಅಪ್ಪನಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಈ ಹಾಳೆಗಳನ್ನು ನಿಮ್ಮ ಅವ್ವನೇ ನಿಮಗೆ ಓದಿ ಹೇಳಬೇಕು. ಅದು ಗೊತ್ತಿದ್ದೇ ಬರೆದಿದ್ದೇನೆ. ಓದುತ್ತ ಓದುತ್ತ ಅವಳು ನಿಂತರೆ ಮುಂದೇನೆಂದು ಕಾಡಬೇಡಿ. ನಾನು ಹಿತ್ತಲಲ್ಲಿರುತ್ತೇನೆ ಎಂದು ಅವಳಿಗೆ ಹೇಳಿ.