ಸುಣ್ಣದ ಕೆಳಗಿನ ಔಷಧ

ಮೊನ್ನೆ ದೊಡವಾಡದ ನಮ್ಮ ಓಣಿಯಲ್ಲಿ ಯಾರೋ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಹಸಿ ಸುಣ್ಣದ ವಾಸನೆ ಬಂದದ್ದೇ ಮಗ್ಗಲು ಮನೆಯ ಕಾಕು ನೆನಪಾದಳು...

ಅವಳಷ್ಟು ಒಪ್ಪವಾಗಿ ಮನೆ ಇಟ್ಟುಕೊಂಡವರು ಓಣಿಯಲ್ಲಿರಲಿಲ್ಲ. ಹಿಂದೊಂದು ವರ್ಷ ಊರಲ್ಲಿ ಮಲೇರಿಯಾ ಕಾಣಿಸಿಕೊಂಡು, ಆರೋಗ್ಯ ಇಲಾಖೆಯವರು ಮನೆಮನೆಯ ಒಳಗೋಡೆಗೂ ಔಷಧ ಹೊಡೆದರು. ಗೋಡೆಗೆ ಕೂತ ಸೊಳ್ಳೆ ಸಾಯುತ್ತದೆ, ಮಳೆಗಾಲ ಮುಗಿಯುವ ತನಕ ಸಾರಿಸಬೇಡಿ, ಸುಣ್ಣ ಹಚ್ಚಬೇಡಿ ಎಂದು ಹೇಳಿ ಹೋದರು. ಕಾಕು ತಲೆಯಾಡಿಸಿದ್ದಳು. ಆದರೆ ಮಣ್ಣಿನ ಗೋಡೆಯ ತುಂಬ ಇಳಿದ ಬಿಳಿ ಕಲೆ ನೋಡಿದಾಗೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು.

ಶ್ರಾವಣದಲ್ಲಿ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಸುರಿಗೆ ಸೀರೆ-ಕುಪ್ಪಸ ಕೊಡುವ ಕುಬಸದ ಕಾರ್ಯಕ್ಕೆ ಎಂ.ಕೆ. ಹುಬ್ಬಳ್ಳಿಯಿಂದ ಬೀಗರು ಬರುವವರಿದ್ದರು. ಕಾಕು ಸುಣ್ಣ ಕಲಸಿದಳು. ಇನ್ನಷ್ಟು ದಿನ ತಡೆ ಎಂದು ನಮ್ಮವ್ವ ಹೇಳಿ ನೋಡಿದಳು.

“ಬೀಗರು ಇಂಥಾ ಗ್ವಾಡಿ ನೋಡಿದ್ರ ಏನಂದಾರ್ರಿ ಅಕ್ಕಾರ? ಔಷಧ ಎಲ್ಲಿ ಹೋಗತೈತಿ, ಸುಣ್ಣದ ಒಳಗ ಇರತೈತಿ,” ಅಂದಳು ಕಾಕು.

ಕುಬಸ ಚಂದಾಗಿ ಆಯಿತು. ಕೆಲವು ವಾರ ಕಳೆದಿರಬೇಕು, ಮಗಳಿಗೆ ನಡುಕ ಹುಟ್ಟಿ ಜ್ವರ ಬಂತು. ಬೈಲಹೊಂಗಲದ ದವಾಖಾನೆಯಲ್ಲಿ ರಕ್ತ ನೋಡಿ ಮಲೇರಿಯಾ ಅಂದರು. ಮಗಳು ಉಳಿದಳು. ಹೊಟ್ಟೆಯೊಳಗಿನ ಕೂಸು ಉಳಿಯಲಿಲ್ಲ...

ವಿಚಾರಿಸಲು ಆರೋಗ್ಯ ಇಲಾಖೆಯ ಒಬ್ಬರು ಬಂದಾಗ ಕಾಕು ಕಳೆ ತೆಗೆಯುವ ಕುರ್ಪಿ ಹಿಡಿದು ಪಡಸಾಲೆಯ ಸುಣ್ಣ ಕೆರೆಯುತ್ತಿದ್ದಳು.

“ಇದನ್ನ ತಗದ್ರ ಒಳಗಿನ ಔಷಧ ಮತ್ತ ಕೆಲಸ ಮಾಡತೈತೇನ್ರಿ?”

ಅವರು ಕುರ್ಪಿಯನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು. ಸುಣ್ಣದ ಕೆಳಗೆ ಸೇರಿದ ಔಷಧ ಸೊಳ್ಳೆಗೆ ತಾಗುವುದಿಲ್ಲ, ಆದರೆ ಮಣ್ಣಿನ ಗೋಡೆ ಅದನ್ನು ಬೇಗ ಹೀರಿಕೊಳ್ಳುತ್ತದೆ, ಸುಣ್ಣ ಹಚ್ಚದಿದ್ದರೂ ಕೆಲವು ತಿಂಗಳಲ್ಲಿ ಅದರ ಬಲ ಕುಂದುತ್ತಿತ್ತು, ಸೊಳ್ಳೆ ಕಚ್ಚಿದ್ದು ಈ ಮನೆಯಲ್ಲೇ ಅಂತಲೂ ಹೇಳಲಾಗದು ಎಂದರು. ಬರೀ ಸಮಾಧಾನದ ಮಾತಲ್ಲ, ಖರೆಯೇ. ಕಾಕು ಕೇಳಿಸಿಕೊಂಡಳು, ಒಪ್ಪಲಿಲ್ಲ.

ಆಮೇಲೆ ಮಗಳು ಎರಡು ಹೆತ್ತಳು, ಎರಡೂ ಬಾಣಂತನ ಗಂಡನ ಮನೆಯಲ್ಲೇ. ತವರಿನ ಮಾತನ್ನು ಬೀಗರೂ ಎತ್ತಲಿಲ್ಲ, ಕಾಕುವೂ ಎತ್ತಲಿಲ್ಲ. ಬಾಣಂತಿಗೆಂದು ಅಂಟಿನುಂಡೆ ಕಟ್ಟಿಕೊಂಡು ಬಸ್ಸು ಹತ್ತಿ ಹೋಗುವಳು, ಮೊಮ್ಮಗುವನ್ನು ಒಂದಿಷ್ಟು ಹೊತ್ತು ಎತ್ತಿಕೊಂಡು ಸಂಜೆಯೊಳಗೆ ತಿರುಗಿ ಬಂದುಬಿಡುವಳು...

ಕಾಕು ತೀರಿ ಈಗ ವರ್ಷವಾಗುತ್ತ ಬಂತು. ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಆ ಮಗಳು ಸಿಕ್ಕಳು. ಅವ್ವನ ಮಾತು ಬಂತು.

“ಗ್ವಾಡಿಗೆ ಸುಣ್ಣ ಹಚ್ಚು ಅಂತ ಹಟ ಹಿಡದು ಅವ್ವಗ ಗಂಟ ಬಿದ್ದಾಕಿ ನಾನು,” ಅಂದಳು. “ಅವ್ವ ಅದನ್ನ ಯಾರ ಮುಂದೂ ಹೇಳಲಿಲ್ಲ. ನನ್ನ ಮುಂದೂ ಎತ್ತಲಿಲ್ಲ.”

ಅವಳ ಕೈ ಹಿಡಿದುಕೊಂಡೆ. ಮಗಳ ಬಾಯಿಂದ ಆ ಮಾತು ಕೇಳಬೇಕಾಗಿದ್ದ ಕಾಕು ಈಗಿಲ್ಲ.